ವಚನಬಲವೂ ಪ್ರಾಣವೇ: ತಂದೆಯ ಧರ್ಮವನ್ನು ಕುರಿತು

ಯಳಂದೂರು ಚಾಮರಾಜನಗರ ಜಿಲ್ಲೆಯ ಒಂದು ಪುಟ್ಟ ತಾಲೂಕು. ಕರ್ನಾಟಕದ ಅತಿ ಚಿಕ್ಕ ತಾಲೂಕುಗಳಲ್ಲಿ ಒಂದು. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಈ ಊರು ಮೈಸೂರಿನ ಅರಮನೆಗೆ ಇಬ್ಬರು ಸ್ಮರಣೀಯರನ್ನು ಕೊಟ್ಟಿತು. ಒಬ್ಬಳು ಸಂಚಿಯ ಹೊನ್ನಮ್ಮ. ರಾಣಿಯ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದುಕೊಂಡೇ ಆಕೆ ಸಾಂಗತ್ಯದಲ್ಲಿ 'ಹದಿಬದೆಯ ಧರ್ಮ'ವೆಂಬ ಕಾವ್ಯವನ್ನು ರಚಿಸಿದಳು. ಮತ್ತೊಬ್ಬರು ಜೈನರಾದ ವಿಶಾಲಾಕ್ಷ ಪಂಡಿತರು. ೧೬೭೩ರಲ್ಲಿ ಪಟ್ಟವೇರಿದ ಚಿಕ್ಕದೇವರಾಜ ಒಡೆಯರಿಗೆ ಮಂತ್ರಿಯಾಗಿ, ೧೬೮೬ರಲ್ಲಿ ಹತರಾಗುವವರೆಗೆ ರಾಜ್ಯದ ಭಾರವನ್ನು ಹೊತ್ತವರು ಅವರು.

ಹೊನ್ನಮ್ಮನ ಕಾವ್ಯವು ಸತಿಯ ಧರ್ಮವನ್ನು ಹೇಳಿತು. ಮಗನ ಧರ್ಮವನ್ನು ಹೇಳುವ ನೀತಿಗ್ರಂಥಗಳಿಗಂತೂ ಕೊರತೆಯಿಲ್ಲ. ಮಾತಾಪಿತೃಗಳಿಗೆ ವಿಧೇಯನಾಗಿರಬೇಕು, ಎದುರಾಡಬಾರದು, ಸೇವೆ ಮಾಡಬೇಕು ಎಂದು ಪ್ರತಿಯೊಂದು ಪಾಠಶಾಲೆಯೂ ಬೋಧಿಸುತ್ತದೆ. ಆದರೆ ಹದಿನೈದು ವರ್ಷದ ಮಗನ ಎದುರಿಗೆ, ಹದಿನಾರು ವರ್ಷದ ಮಗಳ ಎದುರಿಗೆ ತಂದೆಯಾದವನು ನಡೆದುಕೊಳ್ಳಬೇಕಾದ ಧರ್ಮ ಯಾವುದು? ಅದನ್ನು ಯಾವ ಬಸದಿಯ ಪ್ರವಚನದಲ್ಲಿ ಎಷ್ಟು ಸಲ ಹೇಳಲಾಗಿದೆ? ತಂದೆಗೆ ಹಕ್ಕುಗಳು ಮಾತ್ರ ಇವೆ, ವ್ರತಗಳಿಲ್ಲ ಎಂಬ ಭಾವನೆ ಶ್ರಾವಕರ ಮನೆಗಳಲ್ಲಿ ಬೇರೂರಿ ನಿಂತಿದೆ. ಈ ಭಾವನೆ ಶಾಸ್ತ್ರಸಮ್ಮತವಲ್ಲ. ಅಷ್ಟೇ ಅಲ್ಲ, ಅದು ಹಿಂಸೆ.

ಹಿಂಸೆ ಎಂಬ ಶಬ್ದ ಕಠೋರವೆನಿಸಬಹುದು. ಆದ್ದರಿಂದ ಶಾಸ್ತ್ರವನ್ನೇ ಪ್ರಮಾಣವಾಗಿಟ್ಟುಕೊಂಡು ವಿಚಾರಿಸುವುದು ಯೋಗ್ಯ.

ಹತ್ತು ಪ್ರಾಣಗಳಲ್ಲಿ ಒಂದು

ಪ್ರಮತ್ತಯೋಗದಿಂದ ಪ್ರಾಣಗಳಿಗೆ ಆಗುವ ಘಾತವೇ ಹಿಂಸೆ ಎಂಬುದು ತತ್ತ್ವಾರ್ಥಸೂತ್ರದ ಅಭಿಪ್ರಾಯ. ಪ್ರಾಣಗಳು ಹತ್ತು: ಐದು ಇಂದ್ರಿಯಗಳು, ಮನೋಬಲ, ವಚನಬಲ, ಕಾಯಬಲವೆಂಬ ಮೂರು ಬಲಗಳು, ಆಯುಸ್ಸು, ಉಚ್ಛ್ವಾಸ. ಏಕೇಂದ್ರಿಯ ಜೀವಕ್ಕೆ ಇವುಗಳಲ್ಲಿ ನಾಲ್ಕು ಮಾತ್ರ. ಆ ನಾಲ್ಕು ಪ್ರಾಣಗಳ ಜೀವಕ್ಕೂ ನೋವಾಗಬಾರದೆಂದು ಚತುರ್ದಶಿಯಂದು ಹಸಿರು ತರಕಾರಿಯನ್ನು ತ್ಯಜಿಸುವ ಮನೆ ಶ್ರಾವಕನ ಮನೆ. ನೀರನ್ನು ಸೋಸದೆ ಕುಡಿಯದ ಮನೆ ಅದು. ಅದೇ ಮನೆಯಲ್ಲಿ ಹತ್ತು ಪ್ರಾಣಗಳುಳ್ಳ ಸಂಜ್ಞಿ ಪಂಚೇಂದ್ರಿಯ ಜೀವವೊಂದು ಬಾಯಿ ತೆರೆದಾಗ 'ಸುಮ್ಮನಿರು' ಎಂಬ ಒಂದೇ ಮಾತಿನಿಂದ ಅದರ ವಚನಬಲವನ್ನು ಮುರಿಯಲಾಗುತ್ತದೆ. 'ನಿನಗೇನು ತಿಳಿಯುತ್ತದೆ' ಎಂಬ ಇನ್ನೊಂದು ಮಾತಿನಿಂದ ಮನೋಬಲವನ್ನು ಕುಗ್ಗಿಸಲಾಗುತ್ತದೆ. ತರಕಾರಿಯ ವಿಷಯದಲ್ಲಿ ಪ್ರಾಯಶ್ಚಿತ್ತವುಂಟು, ಮಗನ ವಿಷಯದಲ್ಲಿ ಪಶ್ಚಾತ್ತಾಪವೂ ಇಲ್ಲ!

ಯಳಂದೂರಿಗೆ ದೂರವಲ್ಲದ ಮಲೆಯೂರಿನ ಕನಕಗಿರಿಯು ಪೂಜ್ಯಪಾದ ಆಚಾರ್ಯರ ತಪೋಭೂಮಿಯೆಂದು ಪರಂಪರೆ ನಂಬಿಕೊಂಡು ಬಂದಿದೆ. ತತ್ತ್ವಾರ್ಥಸೂತ್ರಕ್ಕೆ 'ಸರ್ವಾರ್ಥಸಿದ್ಧಿ' ಎಂಬ ವ್ಯಾಖ್ಯಾನವನ್ನು ಬರೆದವರು ಅವರು. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಬಂಧ, ವಧ, ಛೇದಗಳ ಜೊತೆಗೆ 'ಅತಿಭಾರಾರೋಪಣ'ವೂ ಒಂದು. ನ್ಯಾಯವಾದ ಹೊರೆಗಿಂತ ಹೆಚ್ಚಿನ ಹೊರೆಯನ್ನು ಹೇರುವುದೆಂದು ಅದರ ಅರ್ಥ. ಹೊರೆ ಹೊರುವ ದನಕರುಗಳನ್ನು ಮುಂದಿಟ್ಟುಕೊಂಡು ಹೇಳಿದ ಮಾತು ಇದು. ಎತ್ತಿಗೆ ಸಲ್ಲುವ ಈ ನ್ಯಾಯ ಮಗನಿಗೆ ಸಲ್ಲದೆ? ತಾನು ವೈದ್ಯನಾಗಲಾರದೆ ಹೋದುದನ್ನು ಮಗನ ಹೆಗಲಿಗೆ ಏರಿಸುವುದು, ಅಣ್ಣನ ಮಗನ ಅಂಕಗಳನ್ನು ದಿನಕ್ಕೆ ಹತ್ತು ಸಲ ಎಣಿಸುವುದು, ಅಂಗಡಿಯ ಸಾಲವನ್ನೂ ಮನೆತನದ ಮಾನವನ್ನೂ ಹದಿನೇಳರ ಹುಡುಗನ ಪರೀಕ್ಷೆಗೆ ಗಂಟುಹಾಕುವುದು, ಇವು ಅತಿಭಾರಾರೋಪಣವಲ್ಲದೆ ಇನ್ನೇನು?

ಸತ್ಯಾಣುವ್ರತದ ಅತಿಚಾರಗಳನ್ನೂ ನೋಡಬಹುದು. ಗುಟ್ಟಿನ ಸಂಗತಿಯನ್ನು ಹೊರಗೆಡಹುವುದು ಅವುಗಳಲ್ಲೊಂದು. ಮುಖಚರ್ಯೆಯಿಂದ ಇನ್ನೊಬ್ಬನ ಮನಸ್ಸಿನ ಅಭಿಪ್ರಾಯವನ್ನು ಊಹಿಸಿ ಬಯಲು ಮಾಡುವುದು ಇನ್ನೊಂದು. ಮಗಳು ನಂಬಿ ಹೇಳಿದ ಅಳುಕನ್ನು ರಾತ್ರಿಯೊಳಗೆ ದೊಡ್ಡಪ್ಪ, ಚಿಕ್ಕಪ್ಪಂದಿರಿಗೆಲ್ಲ ತಿಳಿಸುವ ತಂದೆ, ಬಂಧುಗಳು ಕೂಡಿದ ಮದುವೆಯ ಮನೆಯಲ್ಲಿ ಮಗನ ದೌರ್ಬಲ್ಯವನ್ನು ಹಾಸ್ಯವಾಗಿಸಿ ನಗಿಸುವ ತಂದೆ ತನ್ನ ಅಣುವ್ರತಕ್ಕೆ ಮಲಿನತೆ ತಂದುಕೊಂಡನೆಂದು ಯಾರೂ ಎಚ್ಚರಿಸುವುದಿಲ್ಲ. ಅಮೃತಚಂದ್ರಸೂರಿಗಳು 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ ಇನ್ನೂ ಮುಂದಕ್ಕೆ ಹೋಗುತ್ತಾರೆ. ಕೇಳುವವನಲ್ಲಿ ಭಯವನ್ನೂ ಖೇದವನ್ನೂ ವೈರವನ್ನೂ ಹುಟ್ಟಿಸುವ ಅಪ್ರಿಯ ವಚನವನ್ನು ಅವರು ಅಸತ್ಯದ ಭೇದಗಳಲ್ಲಿಯೇ ಎಣಿಸುತ್ತಾರೆ. 'ನಾನು ಇದ್ದುದನ್ನೇ ಹೇಳಿದೆ' ಎಂದು ಸಮರ್ಥಿಸಿಕೊಳ್ಳುವ ಸಿಡುಕಿನ ತಂದೆಗೆ ಅಲ್ಲಿ ರಕ್ಷಣೆಯಿಲ್ಲ.

ರೇಷ್ಮೆಯ ಪ್ರಶ್ನೆ

ಕೊಳ್ಳೇಗಾಲ, ಯಳಂದೂರು ಸೀಮೆ ರೇಷ್ಮೆಗೆ ಹೆಸರಾದ ನಾಡು. ಹಿಪ್ಪುನೇರಳೆಯ ತೋಟವನ್ನೂ ಗೂಡು ಬಿಡಿಸುವ ಚಂದ್ರಿಕೆಯನ್ನೂ ಕಾಣದೆ ಬೆಳೆದ ಮಗು ಇಲ್ಲಿ ವಿರಳ. ನಾಲ್ಕು ಸಲ ಪೊರೆ ಕಳಚಿದ ಹುಳು ಗೂಡು ಕಟ್ಟುತ್ತದೆ. ಗೂಡಿನೊಳಗಿನ ಜೀವ ಹೊರಬಂದರೆ ನೂಲು ತುಂಡಾಗುವುದೆಂದು ಅದನ್ನು ಬಿಸಿಗೊಡ್ಡಿ ಕೊಲ್ಲುತ್ತಾರೆ. ಇದನ್ನು ಶಾಲೆಯಲ್ಲಿ ಓದಿ, ಊರಲ್ಲಿ ನೋಡಿ ತಿಳಿದ ಹದಿಮೂರರ ಬಾಲಕನೊಬ್ಬನು ಬಸದಿಗೆ ಹೊರಟ ತಂದೆಯನ್ನು ಕೇಳಬಹುದು: 'ಅಪ್ಪ, ಪೂಜೆಗೆ ರೇಷ್ಮೆಯ ಮಡಿ ಏಕೆ?'

ಇದಕ್ಕಿಂತ ಉತ್ತಮವಾದ ಜೈನ ಪ್ರಶ್ನೆ ಇನ್ನೊಂದಿದೆಯೆ? ಈ ಪ್ರಶ್ನೆ ಹುಟ್ಟಿದ ದಿನ ಆ ಮನೆಯಲ್ಲಿ ಧರ್ಮ ಜೀವಂತವಾಗಿದೆಯೆಂದು ತಂದೆ ಹರ್ಷಪಡಬೇಕು. ಉತ್ತರ ತಿಳಿದಿದ್ದರೆ ಹೇಳಬೇಕು. ತಿಳಿಯದಿದ್ದರೆ 'ನಾನೂ ಯೋಚಿಸಿರಲಿಲ್ಲ' ಎಂದು ಒಪ್ಪಿಕೊಳ್ಳಬೇಕು. ಮನಸ್ಸಿಗೆ ಹತ್ತಿದರೆ ಮರುದಿನ ಹತ್ತಿಯ ಪಂಚೆಯುಟ್ಟು ಹೊರಡಬೇಕು. ಆದರೆ ಬಹುಮಟ್ಟಿಗೆ ಮಗನಿಗೆ ಸಿಗುವ ಉತ್ತರವೆಂದರೆ 'ಹಿರಿಯರು ಮಾಡಿಕೊಂಡು ಬಂದದ್ದು, ಅಧಿಕಪ್ರಸಂಗ ಬೇಡ' ಎಂಬುದೇ. ಆ ಬಾಲಕ ಮುಂದೆ ಕೇಳುವುದನ್ನು ಬಿಡುತ್ತಾನೆ. ಐದು ವರ್ಷಗಳ ಮೇಲೆ ಬಸದಿಗೆ ಬರುವುದನ್ನೂ ಬಿಡುತ್ತಾನೆ. ಆಗ ಕಾಲ ಕೆಟ್ಟಿತೆಂದು ದೂರುವ ಅಧಿಕಾರ ಆ ತಂದೆಗೆ ಎಲ್ಲಿಂದ ಬರುತ್ತದೆ?

ಪ್ರಶ್ನೆಯನ್ನು ಹೆದರುವ ಧರ್ಮ ಜಿನಧರ್ಮವಲ್ಲ. ಭಗವಾನ್ ಮಹಾವೀರರಿಗೆ ಕೇವಲಜ್ಞಾನವಾದ ಮೇಲೂ ಅರುವತ್ತಾರು ದಿನ ದಿವ್ಯಧ್ವನಿ ಹೊರಡಲಿಲ್ಲವೆಂದು ದಿಗಂಬರ ಪರಂಪರೆ ಹೇಳುತ್ತದೆ. ಸಂದೇಹವನ್ನು ಹೊತ್ತ ಇಂದ್ರಭೂತಿ ಗೌತಮರು ಬಂದು ಗಣಧರರಾದ ಬಳಿಕ ವಿಪುಲಾಚಲದಲ್ಲಿ ಅದು ಹೊರಟಿತು. ಯೋಗ್ಯನಾದ ಕೇಳುವವನಿಲ್ಲದೆ ತೀರ್ಥಂಕರರ ವಾಣಿಯೇ ಹೊರಡಲಿಲ್ಲವೆಂದ ಮೇಲೆ, ಕೇಳುವ ಕಿವಿಯಿಲ್ಲದ ಮನೆಯಲ್ಲಿ ಹದಿಹರೆಯದ ಹುಡುಗನ ಮಾತು ಹೊರಡುವುದೆಂತು? ಪುರಾಣಗಳೂ ಶ್ರೇಣಿಕ ಮಹಾರಾಜನ ಪ್ರಶ್ನೆಗೆ ಗೌತಮ ಗಣಧರರ ಉತ್ತರವಾಗಿಯೇ ತೆರೆದುಕೊಳ್ಳುತ್ತವೆ. ಪ್ರಶ್ನೆಯನ್ನು ತೆಗೆದರೆ ಪುರಾಣವೇ ಉಳಿಯದು.

ಆದಿನಾಥರ ಮಾದರಿಯೂ ಕಣ್ಣ ಮುಂದಿದೆ. ಜಿನಸೇನಾಚಾರ್ಯರ ಮಹಾಪುರಾಣದಲ್ಲಿ ಋಷಭದೇವರು ಬ್ರಾಹ್ಮಿಗೂ ಸುಂದರಿಗೂ ಲಿಪಿಯನ್ನೂ ಅಂಕವನ್ನೂ ಕಲಿಸಿದ್ದು ಸಿಂಹಾಸನದ ಮೇಲಿಂದ ಆಜ್ಞಾಪಿಸಿ ಅಲ್ಲ, ಮಕ್ಕಳನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು. ಇಂದಾದರೋ ಮಗಳು ಪ್ರಾಯಕ್ಕೆ ಬಂದ ದಿನದಿಂದ ತಂದೆಯ ಮಾತೆಲ್ಲ ತಾಯಿಯ ಮೂಲಕವೇ ಸಾಗುತ್ತದೆ. 'ನಿನ್ನ ಮಗಳಿಗೆ ಹೇಳು' ಎಂಬ ವಾಕ್ಯ ಕೇಳದ ಮನೆ ಎಷ್ಟಿವೆ? ತಾಯಿಯು ಅಂಚೆಯವಳಾದ ಮನೆಯಲ್ಲಿ ಕಾಗದಗಳು ಬಹಳ ದಿನ ಬರುವುದಿಲ್ಲ.

ಆಕ್ಷೇಪಗಳಿಗೆ ಸಮಾಧಾನ

ಇದಕ್ಕೆ ಮೂರು ಆಕ್ಷೇಪಗಳು ಏಳುವುದು ಸಹಜ.

ಮೊದಲನೆಯದು: 'ನಮ್ಮ ತಂದೆಯೂ ನಮ್ಮೊಡನೆ ಮಾತನಾಡಲಿಲ್ಲ. ನಾವು ಕೆಟ್ಟೆವೆ?' ಆ ಕಾಲದಲ್ಲಿ ತಂದೆಯೊಬ್ಬನು ಮೌನಿಯಾಗಿದ್ದರೂ ಮನೆಯಲ್ಲಿ ಅಜ್ಜನಿದ್ದ, ಚಿಕ್ಕಪ್ಪನಿದ್ದ, ಜಗಲಿಯಲ್ಲಿ ನೆರೆಯವನಿದ್ದ. ಹುಡುಗನ ಮಾತಿಗೆ ಎಲ್ಲಿಯಾದರೂ ಒಂದು ಕಿವಿ ದೊರೆಯುತ್ತಿತ್ತು. ಮೈಸೂರಿನ, ಬೆಂಗಳೂರಿನ ಮೂರು ಕೋಣೆಗಳ ಮನೆಯಲ್ಲಿ ತಂದೆ ಮೌನಿಯಾದರೆ ಉಳಿಯುವುದು ಕೈಯಲ್ಲಿರುವ ಮೊಬೈಲ್ ಒಂದೇ. ಅದು ಯಾವ ಹೊತ್ತಿನಲ್ಲೂ 'ಸುಮ್ಮನಿರು' ಎನ್ನುವುದಿಲ್ಲ. ಮಗನು ಅದಕ್ಕೆ ಅಂಟಿಕೊಂಡನೆಂದು ಗದರುವ ತಂದೆ, ತಾನು ಬಿಟ್ಟುಕೊಟ್ಟ ಸ್ಥಾನದಲ್ಲಿಯೇ ಅದು ಕುಳಿತಿದೆಯೆಂಬುದನ್ನು ಅರಿಯಬೇಕು.

ಎರಡನೆಯದು: 'ಸಲಿಗೆ ಕೊಟ್ಟರೆ ಭಯಭಕ್ತಿ ಹೋಗುತ್ತದೆ.' ಭಯ ಬೇರೆ, ಭಕ್ತಿ ಬೇರೆ. ಭಯವು ಮೋಹನೀಯ ಕರ್ಮದ ನೋಕಷಾಯಗಳಲ್ಲಿ ಒಂದು. ಅದನ್ನು ಮಗನಲ್ಲಿ ಬೆಳೆಸುವುದು ಯಾವ ಸಂಸ್ಕಾರ? ಸಮ್ಯಗ್ದೃಷ್ಟಿಯು ಸಪ್ತಭಯಗಳಿಂದ ಮುಕ್ತನೆಂದು ಬೋಧಿಸುತ್ತ, ಮನೆಯಲ್ಲಿ ಎಂಟನೆಯದಾಗಿ ಪಿತೃಭಯವನ್ನು ಸೇರಿಸುವುದು ಸರಿಯೆ? ಕೇಳುವುದೆಂದರೆ ಒಪ್ಪುವುದೆಂದೂ ಅರ್ಥವಲ್ಲ. ಮಗನು ಹೇಳಿದುದನ್ನು ಪೂರ್ತಿ ಕೇಳಿ, ಕಾರಣ ಕೊಟ್ಟು 'ಕೂಡದು' ಎನ್ನುವ ತಂದೆಯ ಗೌರವ ಕುಂದುವುದಿಲ್ಲ. ಅನೇಕಾಂತವೆಂದರೆ ಪರಮತದ ಪಂಡಿತರೊಡನೆ ವಾದಿಸುವಾಗ ತೆಗೆಯುವ ಆಯುಧವಲ್ಲ. ಊಟದ ಮನೆಯಲ್ಲಿ ಮಗನ ನಯದಿಂದಲೂ ಒಂದು ಸತ್ಯಾಂಶ ಕಾಣಬಹುದೆಂದು ಒಪ್ಪುವ ವಿನಯ ಅದು.

ಮೂರನೆಯದು ಸೂಕ್ಷ್ಮವಾದುದು: 'ಮೌನವು ತಪಸ್ಸಲ್ಲವೆ? ವಚನಗುಪ್ತಿಯಲ್ಲವೆ?' ಕ್ರೋಧವನ್ನು ಗೆದ್ದು ತಾಳಿದ ಮೌನ ವಚನಗುಪ್ತಿ. ಕ್ರೋಧವನ್ನು ಒಳಗಿಟ್ಟುಕೊಂಡು ವಾರಗಟ್ಟಲೆ ಮಗನ ಮುಖ ನೋಡದಿರುವುದು ಗುಪ್ತಿಯಲ್ಲ, ಮಾನಕಷಾಯ. ಗೃಹಸ್ಥನಿಗೆ ಬೇಕಾದುದು ಭಾಷಾಸಮಿತಿಯ ಅಭ್ಯಾಸ. ಹಿತವಾಗಿ, ಮಿತವಾಗಿ, ಸಂದೇಹಕ್ಕೆಡೆಯಿಲ್ಲದಂತೆ ಆಡುವುದು. ಆಡದಿರುವುದು ಅಲ್ಲ.

ಹೇಳದೆ ಉಳಿದ ಮಾತು

ಹೇಳದೆ ಉಳಿದ ಒಂದು ಮಾತಿನ ಫಲವೇನೆಂಬುದನ್ನು ಜನ್ನನ 'ಯಶೋಧರ ಚರಿತೆ'ಗಿಂತ ಚೆನ್ನಾಗಿ ತೋರಿಸಿದ ಕೃತಿ ಕನ್ನಡದಲ್ಲಿಲ್ಲ. ೧೨೦೯ರಲ್ಲಿ ರಚಿತವಾದ ಈ ಕಾವ್ಯವನ್ನು ಜೀವದಯೆಯ ಕಥೆಯೆಂದು ಎಲ್ಲರೂ ಓದುತ್ತಾರೆ. ಅದು ತಾಯಿ ಮಗನ ನಡುವೆ ಮುಚ್ಚಿಹೋದ ಬಾಗಿಲಿನ ಕಥೆಯೂ ಹೌದು. ರಾಣಿಯ ನಡತೆಯನ್ನು ಕಣ್ಣಾರೆ ಕಂಡ ಯಶೋಧರನು ಬಾಡಿದ ಮುಖದಿಂದ ತಾಯಿ ಚಂದ್ರಮತಿಯ ಬಳಿ ಬರುತ್ತಾನೆ. ಆಕೆ ಕಾರಣ ಕೇಳುತ್ತಾಳೆ. ನಿಜವನ್ನು ಹೇಳಲು ಅವನ ನಾಲಗೆ ಏಳುವುದಿಲ್ಲ; ಕೆಟ್ಟ ಕನಸು ಕಂಡೆನೆಂದು ನೆವ ಹೇಳುತ್ತಾನೆ. ಇಲ್ಲದ ಕನಸಿಗೆ ಆಕೆ ಬಲಿಯ ಪರಿಹಾರ ಹೇಳುತ್ತಾಳೆ. ಅವನು ಜೀವಬಲಿಯನ್ನು ಒಪ್ಪದಿದ್ದಾಗ ಹಿಟ್ಟಿನ ಕೋಳಿಯಾದರೂ ಆಗಲೆಂದು ಪಟ್ಟು ಹಿಡಿಯುತ್ತಾಳೆ. ಆ ಸಂಕಲ್ಪಹಿಂಸೆಯಿಂದ ತಾಯಿಯೂ ಮಗನೂ ಜನ್ಮಜನ್ಮಾಂತರಗಳಲ್ಲಿ ಪಶುಪಕ್ಷಿಗಳಾಗಿ ಕಡಿಸಿಕೊಂಡು, ಬೇಯಿಸಿಕೊಂಡು ನವೆಯುತ್ತಾರೆ.

ತಾಯಿಯಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ಆಕೆ ಕೇಳಿದಳು, ಆದರೆ ಕೇಳಿದೊಡನೆ ಪರಿಹಾರಕ್ಕೆ ಧಾವಿಸಿದಳು. ಅಪ್ಪಂದಿರು ಇಂದಿಗೂ ಮಾಡುವ ತಪ್ಪು ಇದೇ. ಮಗನು 'ಕಾಲೇಜು ಬೇಸರವಾಗಿದೆ' ಎಂದರೆ ಅದು ಹಲವೊಮ್ಮೆ ಇಲ್ಲದ ಕನಸು. ನಿಜವಾದ ನೋವು ಹಿಂದೆ ಅಡಗಿರುತ್ತದೆ. ತಂದೆ ಒಡನೆಯೇ ಟ್ಯೂಷನ್ ಹುಡುಕುತ್ತಾನೆ, ಜಾತಕ ತೋರಿಸುತ್ತಾನೆ, ಉಪದೇಶ ಮಾಡುತ್ತಾನೆ. ಹಿಟ್ಟಿನ ಕೋಳಿ ಸಿದ್ಧವಾಗುತ್ತದೆ. ನೋವು ಇದ್ದಲ್ಲಿಯೇ ಇರುತ್ತದೆ.

ಇದಕ್ಕೆ ಎದುರಾದ ನಿದರ್ಶನವೊಂದು ಗಾಂಧೀಜಿಯವರ ಆತ್ಮಕಥೆಯಲ್ಲಿದೆ. ಹದಿನೈದರ ಪ್ರಾಯದಲ್ಲಿ ಅಣ್ಣನ ಕಡಗದಿಂದ ಚಿನ್ನದ ಚೂರನ್ನು ಕದ್ದ ಮೋಹನದಾಸರು ಅದನ್ನು ಬಾಯಲ್ಲಿ ಹೇಳಲಾರದೆ ಚೀಟಿಯಲ್ಲಿ ಬರೆದು, ರೋಗಶಯ್ಯೆಯಲ್ಲಿದ್ದ ತಂದೆಯ ಕೈಗಿತ್ತರು. ತಂದೆ ಎದ್ದು ಕುಳಿತು ಓದಿದರು. ಕಣ್ಣೀರಿನಿಂದ ಚೀಟಿ ನೆನೆಯಿತು. ಕ್ಷಣಕಾಲ ಕಣ್ಣು ಮುಚ್ಚಿದ್ದು, ಚೀಟಿಯನ್ನು ಹರಿದುಹಾಕಿ ಮಲಗಿದರು. ಬೈಗುಳವಿಲ್ಲ, ಉಪದೇಶವಿಲ್ಲ. ಅದು ಅಹಿಂಸೆಯ ಪಾಠವಾಗಿತ್ತೆಂದು ಗಾಂಧೀಜಿ ಮುಂದೆ ಬರೆದರು. ಆದರೆ ಅದೇ ಗಾಂಧೀಜಿ ತಂದೆಯಾದಾಗ ಹಿರಿಯ ಮಗ ಹರಿಲಾಲನು ೧೯೧೫ರಲ್ಲಿ ದೀರ್ಘವಾದ ದೂರಿನ ಪತ್ರವನ್ನು ಬರೆದು ಮುದ್ರಿಸಿ ಹಂಚಬೇಕಾಯಿತು. ತನ್ನ ಮಾತನ್ನು ತಂದೆ ಕೇಳಲಿಲ್ಲವೆಂಬ ವೇದನೆ ಅದರಲ್ಲಿತ್ತು. ಜಗತ್ತಿಗೆ ಅಹಿಂಸೆಯನ್ನು ಕಲಿಸಿದವರಿಗೂ ಮಗನೊಡನೆ ಅದು ಕಷ್ಟವಾಯಿತು. ಹೀಗಿರುವಾಗ ಸಾಮಾನ್ಯ ಶ್ರಾವಕನು ತಾನು ಈ ವಿಷಯದಲ್ಲಿ ನಿರ್ದೋಷಿಯೆಂದು ಬೀಗುವುದಕ್ಕೆ ಆಧಾರವೇನು?

ಫಲಿತಾಂಶದ ದಿನ

ಇದು ಕೇವಲ ಮನೆಮಾತಿನ ಜಿಜ್ಞಾಸೆಯಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ ೨೦೨೨ರಲ್ಲಿ ದೇಶದಲ್ಲಿ ೧,೭೦,೯೨೪ ಮಂದಿ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ ೧೩,೦೪೪ ಮಂದಿ ವಿದ್ಯಾರ್ಥಿಗಳು. ಪ್ರತಿಯೊಂದು ಸಾವಿಗೂ ಕಾರಣ ಹಲವಾಗಿರುತ್ತದೆ. ಎಲ್ಲವನ್ನೂ ತಂದೆಯ ತಲೆಗೆ ಕಟ್ಟುವುದು ಇನ್ನೊಂದು ಅನ್ಯಾಯ. ಆದರೆ ಮನಸ್ಸಿನ ಭಾರವನ್ನು ಮನೆಯಲ್ಲಿ ಇಳಿಸಿಡಲು ಮಕ್ಕಳಿಗೆ ಎಡೆಯಿರಬೇಕೆಂಬುದರಲ್ಲಿ ಎರಡು ಮಾತಿಲ್ಲ.

ಕರ್ನಾಟಕ ಸರ್ಕಾರವು ೨೦೨೩-೨೪ನೆಯ ಸಾಲಿನಿಂದ ಎಸ್.ಎಸ್.ಎಲ್.ಸಿ.ಗೂ ದ್ವಿತೀಯ ಪಿ.ಯು.ಸಿ.ಗೂ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ವ್ಯವಸ್ಥೆಯನ್ನು ತಂದಿತು. ಸರ್ಕಾರ ಮೂರು ಅವಕಾಶ ಕೊಟ್ಟಿತು. ಮನೆ ಕೊಡುವುದು ಎಷ್ಟು? ಸರ್ಕಾರಿ ಆದೇಶಕ್ಕಿಂತ ತಂದೆಯ ಹೃದಯ ಕಠಿಣವಾಗಬಾರದು. ಫಲಿತಾಂಶದ ದಿನ ತಂದೆ ಆಡುವ ಮೊದಲ ವಾಕ್ಯ ಆ ಮನೆಯ ನಿಜವಾದ ಸ್ವಾಧ್ಯಾಯದ ಪರೀಕ್ಷೆ. ಮಗುವಿನ ಮಾತಿನಲ್ಲಿ ಬದುಕಿನ ಜುಗುಪ್ಸೆ ಇಣುಕಿದರೆ ನಾಚಿಕೆಗಾಗಿ ಮುಚ್ಚಿಡಬಾರದು. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ ೧೪೪೧೬, ಮಕ್ಕಳ ಸಹಾಯವಾಣಿ ೧೦೯೮. ಈ ಎರಡು ಸಂಖ್ಯೆಗಳನ್ನು ಪ್ರತಿಯೊಂದು ಬಸದಿಯ ಫಲಕದಲ್ಲಿ ಬರೆಯಿಸಿದರೆ ಆಗುವ ವೆಚ್ಚ ಅತ್ಯಲ್ಪ.

ಬಸದಿಗಳ ಹೊಣೆ

ಬಸದಿಗಳ ಟ್ರಸ್ಟುಗಳೂ ಈ ವಿಷಯದಲ್ಲಿ ನಿರಪರಾಧಿಗಳಲ್ಲ. ಯುವಕರು ಬರುವುದಿಲ್ಲವೆಂದು ಪ್ರತಿ ವಾರ್ಷಿಕ ಸಭೆಯಲ್ಲಿ ಮರುಗುವವರು, ಬಂದ ಯುವಕನಿಗೆ ಕುರ್ಚಿ ಹೊರುವ ಕೆಲಸವಲ್ಲದೆ ಬೇರೇನನ್ನು ಕೊಟ್ಟಿದ್ದಾರೆ? ಪ್ರತಿಭಾ ಪುರಸ್ಕಾರದ ಹೆಸರಿನಲ್ಲಿ ಶೇಕಡಾ ೯೫ ಪಡೆದವರಿಗೆ ಶಾಲು ಹೊದಿಸುವಾಗ, ಶೇಕಡಾ ೫೦ ಪಡೆದ ಬಾಲಕನು ಹಿಂದಿನ ಸಾಲಿನಲ್ಲಿ ತಂದೆಯ ಪಕ್ಕದಲ್ಲಿ ತಲೆ ತಗ್ಗಿಸಿ ಕುಳಿತಿರುತ್ತಾನೆ. ಆ ಸಂಜೆ ಮನೆಯಲ್ಲಿ ನಡೆಯುವ ಮಾತಿಗೆ ವೇದಿಕೆಯೂ ಪಾಲುದಾರ. ಎರಡನೆಯ, ಮೂರನೆಯ ಪರೀಕ್ಷೆಯಲ್ಲಿ ತೇರ್ಗಡೆಯಾದವನನ್ನೂ ಕರೆದು ಹರಸುವ ಟ್ರಸ್ಟು ಮೊದಲಾಗಲಿ. ತಿಂಗಳಿಗೊಂದು ಭಾನುವಾರ ಮಕ್ಕಳು ಕೇಳುವ, ಹಿರಿಯರು ಉತ್ತರಿಸುವ ಸಭೆ ನಡೆಯಲಿ. ಅಲ್ಲಿ ರೇಷ್ಮೆಯ ಪ್ರಶ್ನೆಗೂ ಎಡೆಯಿರಲಿ.

ಮನೆಗಳಲ್ಲಿಯೂ ಹೊಸದಾಗಿ ಕಟ್ಟಬೇಕಾದುದು ಹೆಚ್ಚಿಲ್ಲ. ರಾತ್ರಿಭೋಜನ ತ್ಯಾಗವು ಶ್ರಾವಕನಿಗೆ ದಿನವೂ ಒಂದು ಹೊತ್ತನ್ನು ತಾನಾಗಿಯೇ ಕೊಟ್ಟಿದೆ. ಸೂರ್ಯಾಸ್ತಕ್ಕೆ ಮುನ್ನಿನ ಆ ಊಟಕ್ಕೆ ವಾರದಲ್ಲಿ ಎರಡು ದಿನವಾದರೂ ತಂದೆ ಅಂಗಡಿಯಿಂದ ಬರಲಿ. ಅಂಕಗಳ ಮಾತಿಲ್ಲದೆ, ಫೋನಿಲ್ಲದೆ ಮಕ್ಕಳೊಡನೆ ಉಣ್ಣಲಿ. ಮೊದಲ ವಾರಗಳಲ್ಲಿ ಮಕ್ಕಳು ಏನನ್ನೂ ಹೇಳಲಾರರು. ವರ್ಷಗಟ್ಟಲೆ ಮುಚ್ಚಿದ ಬಾಗಿಲು ಒಂದು ತಟ್ಟಿಗೆ ತೆರೆಯುವುದಿಲ್ಲ. ತಟ್ಟುವುದು ಹಿರಿಯನ ಕರ್ತವ್ಯ.

ಹಿರಿಯನ ಕರ್ತವ್ಯವೆಂಬುದಕ್ಕೆ ಶ್ರವಣಬೆಳಗೊಳದ ವಿಂಧ್ಯಗಿರಿಯೇ ಸಾಕ್ಷಿ. ವರ್ಷವಿಡೀ ಪ್ರತಿಮಾಯೋಗದಲ್ಲಿ ನಿಂತರೂ ಬಾಹುಬಲಿಯ ಮನಸ್ಸಿನಲ್ಲಿ ಅಣ್ಣನ ಕುರಿತಾದ ಒಂದು ಶಲ್ಯ ಉಳಿದಿತ್ತು. ಅದು ಕಳಚಿದ್ದು ಚಕ್ರವರ್ತಿಯಾದ ಭರತನು ತಾನಾಗಿ ಬಂದು ತಮ್ಮನಿಗೆ ನಮಿಸಿದಾಗ. ಹಿರಿಯನು ನಡೆದು ಬಂದ, ಕಿರಿಯನು ಬಿಡುಗಡೆಗೊಂಡ. ೨೦೧೮ರ ಮಹಾಮಸ್ತಕಾಭಿಷೇಕಕ್ಕೆ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಬೆಟ್ಟವೇರಿದ ತಂದೆಯರು ಎಷ್ಟೋ ಮಂದಿ. ಆ ಮಕ್ಕಳು ಇಂದು ಹದಿಹರೆಯಕ್ಕೆ ಕಾಲಿಟ್ಟಿದ್ದಾರೆ. ದಶಲಕ್ಷಣ ಪರ್ವ ಮುಗಿದ ಬಳಿಕ ಕ್ಷಮಾವಾಣಿಯ ದಿನ ಆ ತಂದೆಯರು ಊರವರಿಗೆಲ್ಲ ಕೈಮುಗಿದು, ದೂರದ ಬಂಧುಗಳಿಗೆ ಸಂದೇಶ ಕಳುಹಿಸಿ ಕ್ಷಮೆ ಬೇಡುತ್ತಾರೆ. ಒಂದೇ ಸೂರಿನಡಿಯಲ್ಲಿ, ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿರುವ ಮಗನಲ್ಲಿ ಬೇಡಿದವರೆಷ್ಟು ಮಂದಿ? ಆ ಬಾಗಿಲಿನಿಂದ ಮೊದಲಾಗದ ಕ್ಷಮಾವಾಣಿ ಬರಿಯ ಶಿಷ್ಟಾಚಾರ.

ಯಳಂದೂರಿನ ವಿಶಾಲಾಕ್ಷ ಪಂಡಿತರನ್ನು ಕುರಿತು ಮಾರ್ಕ್ ವಿಲ್ಕ್ಸ್ ತನ್ನ ಮೈಸೂರಿನ ಚರಿತ್ರೆಯಲ್ಲಿ ಒಂದು ಮಾತು ಬರೆದಿದ್ದಾನೆ. ಚಿಕ್ಕದೇವರಾಜರು ಇನ್ನೂ ಪಟ್ಟವಿಲ್ಲದ ತರುಣರಾಗಿದ್ದಾಗ ಯಳಂದೂರಿನಲ್ಲಿದ್ದರು. ಆಗ ಬೆಳೆದ ಸ್ನೇಹವೇ ಮುಂದೆ ಪಂಡಿತರನ್ನು ಮಂತ್ರಿಪದವಿಗೆ ತಂದಿತು. ಮನಸ್ಸು ಬಿಚ್ಚಿ ಮಾತನಾಡಲು ಒಬ್ಬ ಹಿರಿಯನನ್ನು ಪ್ರತಿಯೊಬ್ಬ ತರುಣನೂ ಅರಸುತ್ತಾನೆ. ದೊರೆತವನ ಮಾತಿಗೆ ಬದುಕಿನುದ್ದಕ್ಕೂ ಬೆಲೆ ಕೊಡುತ್ತಾನೆ. ಅರಸುಕುಮಾರನಿಗೆ ಒಬ್ಬ ಪಂಡಿತ ದೊರೆತದ್ದು ಅವನ ಪುಣ್ಯ. ಎಲ್ಲರಿಗೂ ಆ ಪುಣ್ಯವಿರುವುದಿಲ್ಲ; ದೊರೆಯುವವರೆಲ್ಲರೂ ಪಂಡಿತರಾಗಿರುವುದಿಲ್ಲ. ಮಗನು ಹೊರಗೆ ಅರಸಹೋಗುವ ಮುನ್ನ ಮನೆಯಲ್ಲಿಯೇ ಆ ಹಿರಿಯನು ಸಿಗುವಂತಾಗಬೇಕು. ತಂದೆಯ ಧರ್ಮವೆಂದರೆ ಇದು. ಇದನ್ನು ಬರೆಯಲು ಇನ್ನೊಬ್ಬ ಹೊನ್ನಮ್ಮ ಬರಲೆಂದು ಕಾಯಬೇಕಾಗಿಲ್ಲ.